ವಾರಿಜಕ್ಕನ ಕೈಚೀಲ: ನಮ್ಮೂರಿನ ಪತ್ತೇದಾರಿ ಸರಣಿ ಕಟ್ಟುವುದು ಹೇಗೆ?

ಪತ್ತೇದಾರಿ ಕಥೆ ಬರೆಯುವ ಆಸೆ ಇರುವವರು ಉಡುಪಿ, ಮಂಗಳೂರಿನಲ್ಲಿ ತುಂಬಾ ಜನ ಸಿಗುತ್ತಾರೆ. ಮಾತಿಗೆ ಕೂತರೆ ಮೊದಲು ಹೇಳುವುದು ಕೊಲೆ ಹೇಗಾಯಿತು ಅಂತ. ವಿಷ, ಬಾವಿ, ಒಳಗಿನಿಂದ ಚಿಲಕ ಹಾಕಿದ ಕೋಣೆ. ಎಲ್ಲ ಸರಿ, ಕಂಡುಹಿಡಿಯುವವರು ಯಾರು ಅಂತ ಕೇಳಿದರೆ ತಡವರಿಸುತ್ತಾರೆ. ಒಂದು ಕಥೆಗೆ ಒಳ್ಳೆಯ ಕೊಲೆ ಸಾಕಾಗಬಹುದು. ಐದಾರು ಪುಸ್ತಕ ನಡೆಯುವ ಸರಣಿಗೆ ಸಾಕಾಗುವುದಿಲ್ಲ. ಓದುಗರು ಎರಡನೇ ಪುಸ್ತಕ ಕೈಗೆತ್ತಿಕೊಳ್ಳುವುದು ಆ ಜನರನ್ನು ಮತ್ತೆ ನೋಡಬೇಕು ಅಂತ.

ಹಾಗಾಗಿ ಪತ್ತೆ ಮಾಡುವವರನ್ನು, ಅವರ ಜೊತೆಗಾರರನ್ನು ಹೇಗೆ ಕಟ್ಟುವುದು ಅಂತ ಇಲ್ಲಿ ಹೇಳುತ್ತೇನೆ. ಸುಮ್ನೆ ನಿಯಮ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಸರಣಿಯನ್ನೇ ಕಟ್ಟುತ್ತಾ ಹೋಗೋಣ. ಜಾಗ ಉಡುಪಿ. ಜನರೆಲ್ಲ ಕಲ್ಪನೆಯವರು.

ಮೊದಲ ಹೆಜ್ಜೆ: ಕಸುಬು ಹುಡುಕಿ

ಪತ್ತೆ ಮಾಡುವವರು ಪೊಲೀಸರಲ್ಲ, ವಕೀಲರಲ್ಲ, ಪತ್ರಕರ್ತರೂ ಅಲ್ಲ ಅಂತ ಇಟ್ಟುಕೊಳ್ಳಿ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದುಂಟು: ಆ ಪಾತ್ರಕ್ಕೆ ಒಂದು ವಿಚಿತ್ರ ಅಭ್ಯಾಸ ಅಂಟಿಸುವುದು. ಸದಾ ಎಲೆಅಡಿಕೆ ಜಗಿಯುವುದು, ಬೆಕ್ಕನ್ನು ಹೆಗಲ ಮೇಲೆ ಕೂರಿಸಿಕೊಳ್ಳುವುದು. ಮೂರನೇ ಅಧ್ಯಾಯಕ್ಕೆ ಅದು ಬೇಜಾರು ಬರುತ್ತದೆ. ಯಾಕೆಂದರೆ ಬೆಕ್ಕಿಗೂ ಕೇಸಿಗೂ ಸಂಬಂಧ ಇಲ್ಲ. ಪಾತ್ರದ ಬೇರೆತನ ಅದರ ಕಸುಬಿನಿಂದಲೇ ಬರಲಿ. ಆ ಕೆಲಸ ಮಾಡುವವರಿಗೆ ಮಾತ್ರ ಕಾಣುವಂಥದ್ದು ಏನು ಅಂತ ಕೇಳಿಕೊಳ್ಳಿ.

ನಮ್ಮೂರಿನಲ್ಲೇ ಹುಟ್ಟಿದ ಒಂದು ಕಸುಬು ತೆಗೆದುಕೊಳ್ಳುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಕಡೆಯವರು ಮನೆಗೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಉಳಿಯಿತು. ಈಗ ಸಹಕಾರಿ ಸೊಸೈಟಿಗಳಲ್ಲಿ ನಿತ್ಯನಿಧಿ ಅಂತಲೂ ಕರೆಯುತ್ತಾರೆ.

ನಮ್ಮ ವಾರಿಜಕ್ಕ ಇಂಥದ್ದೊಂದು ಸೊಸೈಟಿಯ ಪಿಗ್ಮಿ ಕಲೆಕ್ಟರ್. ವಯಸ್ಸು 54. ಸಂಬಳ ಇಲ್ಲ, ಕಮಿಷನ್ ಮಾತ್ರ. ಸಂಜೆ ನಾಲ್ಕಕ್ಕೆ ಹೊರಟರೆ ಕಲ್ಸಂಕದಿಂದ ಬಡಗುಪೇಟೆ, ಅಲ್ಲಿಂದ ರಥಬೀದಿ. ಹೂವಿನವರು, ಹೋಟೆಲಿನವರು, ಬಳೆ ಅಂಗಡಿ, ಟೈಲರ್. ರಾತ್ರಿ ಎಂಟಕ್ಕೆ ಕೊನೆಯ ಅಂಗಡಿ. ಹೆಗಲಲ್ಲಿ ಜಿಪ್ ಹೋದ ಕೈಚೀಲ, ಅದರೊಳಗೆ ರಸೀದಿ ಮೆಷಿನ್, ಅದರ ಪಕ್ಕ ಸೇಫ್ಟಿ ಪಿನ್ ಹಾಕಿ ಕಟ್ಟಿದ ಹಳೇ ಡೈರಿ. ಮೆಷಿನ್ ಬಂದು ಎಷ್ಟೋ ವರ್ಷ ಆಯಿತು, ಆದರೂ ಡೈರಿಯಲ್ಲಿ ಬರೆಯದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

ಈಗ ನೋಡಿ, ಈ ಹೆಂಗಸಿಗೆ ಏನೇನು ಗೊತ್ತಿರುತ್ತದೆ! ಯಾರ ವ್ಯಾಪಾರ ಬಿದ್ದಿದೆ, ಯಾರು ತನ್ನನ್ನು ಕಂಡ ಕೂಡಲೇ ಒಳಗೆ ಹೋಗುತ್ತಾರೆ, ಯಾವ ಮಗ ಅಪ್ಪನಿಗೆ ಗೊತ್ತಿಲ್ಲದೆ ಬೇರೆ ಖಾತೆ ಮಾಡಿದ್ದಾನೆ. ಯಾರನ್ನೂ ವಿಚಾರಣೆ ಮಾಡಬೇಕಾಗಿಲ್ಲ. ದಿನಾ ಬರುವ ಕಲೆಕ್ಟರನ್ನು ಯಾರೂ ಗಮನಿಸುವುದಿಲ್ಲ. ಅವರು ಮಾತ್ರ ಎಲ್ಲರನ್ನೂ ಗಮನಿಸುತ್ತಾರೆ.

ಕಸುಬು ಸರಿಯಾಗಿದೆಯಾ ಅಂತ ನೋಡಲು ಒಂದು ಪರೀಕ್ಷೆ ಉಂಟು. ವಾರಿಜಕ್ಕನ ಕೆಲಸ ಬದಲಾಯಿಸಿ, ಅವರನ್ನು ಶಾಲೆ ಟೀಚರ್ ಮಾಡಿ. ಆಗಲೂ ಈ ಕೇಸು ಬಿಡಿಸಲು ಆಗುತ್ತದಾ? ಆಗುತ್ತದೆ ಅಂತಾದರೆ ಕಸುಬಿಗೆ ಇನ್ನೂ ಕೆಲಸ ಕೊಟ್ಟಿಲ್ಲ ಅಂತ ಅರ್ಥ. ಕಥೆಯನ್ನು ಮತ್ತೆ ಯೋಚಿಸಿ.

ಇನ್ನೊಂದು ಮಾತನ್ನು ನನಗೆ ಕಲಿಸಿದ್ದು ನನ್ನ ಅಮ್ಮ. ನಾನು ಬರೆದ ಮೊದಲ ಕಥೆಯಲ್ಲಿ ಒಬ್ಬ ಗೃಹಿಣಿ ಮೂರು ದಿನ ಊರೆಲ್ಲ ತಿರುಗಿ ಕಳ್ಳನನ್ನು ಹಿಡಿಯುತ್ತಾಳೆ. ಅಮ್ಮ ಪೂರ್ತಿ ಓದಿ ಕೇಳಿದ್ದು ಒಂದೇ: "ಈ ಮೂರು ದಿನ ಅವಳ ಮನೆಯಲ್ಲಿ ಗಂಜಿ ಬೇಯಿಸಿದ್ದು ಯಾರು?" ಆ ಪ್ರಶ್ನೆ ಇವತ್ತಿಗೂ ನನ್ನ ಮೇಜಿನ ಮೇಲೆ ಇದೆ. ಹವ್ಯಾಸಿ ಪತ್ತೇದಾರರಿಗೆ ಪುರುಸೊತ್ತು ಎಲ್ಲಿಂದ ಬಂತು, ಖರ್ಚು ಯಾರದ್ದು, ಮನೆಯಲ್ಲಿ ಯಾರು ಬೈದರು, ಇದನ್ನೆಲ್ಲ ಬರೆಯಿರಿ. ವಾರಿಜಕ್ಕ ಒಂದು ಸಂಜೆ ರೌಂಡಿಗೆ ಹೋಗದಿದ್ದರೆ ಆ ದಿನದ ಕಮಿಷನ್ ಹೋಯಿತು. ಇಷ್ಟು ಕಳೆದುಕೊಂಡೂ ಹೋಗುತ್ತಾರೆ ಅಂದಾಗಲೇ ಓದುಗರಿಗೆ ಅವರ ಮೇಲೆ ಪ್ರೀತಿ ಹುಟ್ಟುವುದು.

ಎರಡನೇ ಹೆಜ್ಜೆ: ಕೈ ಕಟ್ಟಿಹಾಕಿ

ಎಲ್ಲ ಗೊತ್ತಿರುವವರ ಕಥೆ ಬೇಗ ಮುಗಿದುಹೋಗುತ್ತದೆ. ಅವರಿಗೊಂದು ಕಟ್ಟು ಬೇಕು. ವಾರಿಜಕ್ಕನ ಕಟ್ಟು ಅವರ ಕಸುಬಿನಲ್ಲೇ ಇದೆ: ಗ್ರಾಹಕರ ಲೆಕ್ಕವನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಇಷ್ಟು ವರ್ಷದ ನಂಬಿಕೆ ಹೋಗುತ್ತದೆ. ಹಾಗಾಗಿ ಅವರು ಹೆಡ್ ಕಾನ್‌ಸ್ಟೆಬಲ್ ಹತ್ತಿರ ಹೇಳುವುದು ಇಷ್ಟೇ: "ಲೆಕ್ಕ ನಾನು ಹೇಳುವುದಿಲ್ಲ. ಯಾವ ತಿಂಗಳ ಲೆಕ್ಕ ಕೇಳಬೇಕು ಅಂತ ಬೇಕಾದ್ರೆ ಹೇಳ್ತೇನೆ. ಕಾಗದ ತಂದು ಸೊಸೈಟಿಯಲ್ಲಿ ಕೇಳಿ."

ಈ ಒಂದು ಮಾತಿನ ಹಿಂದೆ ಎಷ್ಟು ಸಂಕಟ ಇರಬಹುದು ಯೋಚಿಸಿ. ಸರಣಿ ಉದ್ದಕ್ಕೂ ಅದನ್ನು ಎಳೆಯಬಹುದು. ಒಂದು ಪುಸ್ತಕದಲ್ಲಿ ಅವರು ಆ ಗೆರೆ ದಾಟಲಿ, ಅದರ ಬೆಲೆಯನ್ನೂ ತೆರಲಿ.

ಕಾನೂನಿನ ಕಟ್ಟೂ ಇದೆ. ಖಾಸಗಿ ವ್ಯಕ್ತಿ ಯಾರನ್ನಾದರೂ ಹಿಡಿದಿಡಬಹುದಾದದ್ದು ತನ್ನ ಕಣ್ಣೆದುರೇ ಜಾಮೀನು ಹಕ್ಕಾಗಿ ಸಿಗದ, ಪೊಲೀಸರಿಗೆ ವಾರಂಟ್ ಬೇಡದ ಅಪರಾಧವನ್ನು ಆತ ಮಾಡಿದಾಗ, ಇಲ್ಲವೇ ಆತ ತಲೆಮರೆಸಿಕೊಂಡಿದ್ದಾನೆ ಅಂತ ಕೋರ್ಟು ಘೋಷಿಸಿದ ಅಪರಾಧಿಯಾಗಿದ್ದಾಗ ಮಾತ್ರ. ಹಿಡಿದ ಮೇಲೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಹೇಳುವುದು ಇದನ್ನೇ. ಸಾಕ್ಷ್ಯವನ್ನು ಕೈಚೀಲಕ್ಕೆ ಹಾಕಿಕೊಂಡು ಹೋದರೆ ಕೋರ್ಟಿನಲ್ಲಿ ಕೇಸೇ ಬೀಳಬಹುದು. ಮುಟ್ಟಬಾರದು, ನೋಡಬೇಕು, ನೆನಪಿಡಬೇಕು. ವಾರಿಜಕ್ಕನ ಮಟ್ಟಿಗೆ ಅಷ್ಟೇ ಸಾಕು.

ಮೂರನೇ ಹೆಜ್ಜೆ: ಜೊತೆಗಾರರು

ಇಲ್ಲಿ ನಿಧಾನ ಮಾಡಿ. ಹೆಚ್ಚಿನ ಸರಣಿಗಳು ಸೋಲುವುದು ಇಲ್ಲೇ.

1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಅದರಲ್ಲಿ ಒಂದು ಜೊತೆಗಾರನ ಬಗ್ಗೆ. ಅವನು ತನ್ನ ಮನಸ್ಸಿಗೆ ಬಂದದ್ದನ್ನು ಓದುಗರಿಂದ ಮುಚ್ಚಿಡಬಾರದು, ಅವನ ಬುದ್ಧಿ ಸಾಮಾನ್ಯ ಓದುಗರಿಗಿಂತ ಒಂಚೂರು ಕಮ್ಮಿ ಇರಬೇಕು ಅಂತ. ಮೊದಲ ಅರ್ಧ ನಾನು ಒಪ್ಪುತ್ತೇನೆ. ಎರಡನೇ ಅರ್ಧ ನಮ್ಮೂರಿಗೆ ಒಗ್ಗುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಒಂದೇ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಕೇಳಿಸುತ್ತದೆ. ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಕನ್ನಡವೇ ಬೇರೆ ರಾಗ ಹಿಡಿಯುತ್ತದೆ. ಎಷ್ಟೇ ಬುದ್ಧಿ ಇದ್ದರೂ ಒಬ್ಬರಿಗೆ ಎಲ್ಲ ಬಾಗಿಲು ತೆರೆಯುವುದಿಲ್ಲ. ಜೊತೆಗಾರರು ಆ ಬಾಗಿಲುಗಳು. ಒಬ್ಬೊಬ್ಬರಿಗೂ ವಾರಿಜಕ್ಕನಿಗಿಂತ ಒಂದು ವಿಷಯ ಜಾಸ್ತಿ ಗೊತ್ತಿರಬೇಕು.

ಪ್ರತಿಯೊಬ್ಬರಿಗೂ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಅವರು ತೆರೆಯುವ ಬಾಗಿಲು ಯಾವುದು, "ನಾನು ಬರುವುದಿಲ್ಲ" ಅನ್ನಲು ಕಾರಣ ಏನು, ವಾರಿಜಕ್ಕನನ್ನು ಏನಂತ ಕರೆಯುತ್ತಾರೆ.

ಅಪ್ಪಿಯಕ್ಕ, 70 ದಾಟಿದವರು, ಬೀಡಿ ಕಟ್ಟುತ್ತಾರೆ. ವಾರಿಜಕ್ಕ ಊರೆಲ್ಲ ನಡೆದರೆ ಇವರು ಜಗಲಿ ಬಿಟ್ಟು ಏಳುವುದಿಲ್ಲ. ಕೈ ಕೆಲಸದಲ್ಲಿ ಇರುತ್ತದೆ, ಕಣ್ಣು ಕಿವಿ ರಸ್ತೆಯಲ್ಲಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಮಾಡಿ, ನೂಲು ಸುತ್ತಿ, ತುದಿ ಮಡಚುವುದು. ಆ ತುದಿ ಮಡಚುವುದರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ಬೀಡಿ ನೋಡಿ ಇದು ಯಾರ ಕೈಯದ್ದು ಅಂತ ಹೇಳುವವರು ಅಪ್ಪಿಯಕ್ಕ. ತನಗಿಂತ ಚಿಕ್ಕವರಾದ ವಾರಿಜಕ್ಕನನ್ನು ಅವರು ಕರೆಯುವುದು ಬರೀ "ವಾರಿಜ" ಅಂತ. ಬರುವುದಿಲ್ಲ ಅನ್ನಲು ಕಾರಣ ಮೊಣಕಾಲು. ಅದಲ್ಲದೆ ಇಷ್ಟು ವರ್ಷದಲ್ಲಿ ಇನ್ನೊಬ್ಬರ ಮನೆಯ ಸುದ್ದಿಯನ್ನು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ಪೊಲೀಸ್ ಬಂದು ಕೇಳಿದರೆ "ಎಂಕ್ ಗೊತ್ತುಜ್ಜಿ" (ನನಗೆ ಗೊತ್ತಿಲ್ಲ) ಅಂತ ತುಳುವಿನಲ್ಲಿ ಒಂದೇ ಉತ್ತರ, ತಲೆ ಎತ್ತುವುದೂ ಇಲ್ಲ. ಅವರಿಂದ ಮಾತು ಹೊರಡಿಸುವುದು ಹೇಗೆ ಅಂತ ವಾರಿಜಕ್ಕನಿಗೆ ಮಾತ್ರ ಗೊತ್ತು: ಪಕ್ಕದಲ್ಲಿ ಕೂತು ತಾನೂ ಎಲೆ ಕತ್ತರಿಸುವುದು.

ಹಮೀದ್, ರಿಕ್ಷಾ ಚಾಲಕ, ಮೂವತ್ತರ ಆಸುಪಾಸು. ಮನೆಮಾತು ಬ್ಯಾರಿ. ಇಂದ್ರಾಳಿ ರೈಲ್ವೆ ಸ್ಟೇಷನ್ನಿನಲ್ಲಿ ರಾತ್ರಿ ಬಾಡಿಗೆ ಮಾಡುತ್ತಾನೆ. ಯಾರು ಎಷ್ಟು ಹೊತ್ತಿಗೆ ಇಳಿದರು, ಮನೆಗೆ ಅಂತ ಹೇಳಿ ಎಲ್ಲಿಗೆ ಹೋದರು ಅವನಿಗೆ ಗೊತ್ತು. ರಿಕ್ಷಾದ ಸಾಲದ ಕಂತು ಉಂಟು, ಒಂದು ದಿನ ಬಾಡಿಗೆ ಬಿಟ್ಟರೆ ಕಷ್ಟ. "ಅಕ್ಕ, ಇವತ್ತು ಮಾತ್ರ ಆಗುವುದಿಲ್ಲ" ಅಂತಲೇ ಅವನ ಮಾತು ಶುರುವಾಗುತ್ತದೆ. ವಾರಿಜಕ್ಕ ಅವನ ಪಿಗ್ಮಿಯನ್ನೂ ತೆಗೆದುಕೊಳ್ಳುವವರು, ಆ ಕಷ್ಟ ಎಷ್ಟು ನಿಜ ಅಂತ ಪೈಸೆ ಲೆಕ್ಕದಲ್ಲಿ ಗೊತ್ತು. ಹಾಗಾಗಿ ಒತ್ತಾಯ ಮಾಡುವುದಿಲ್ಲ. ಅದಕ್ಕೇ ಅವನು ಬರುತ್ತಾನೆ.

ಶ್ರಾವ್ಯ, ವಾರಿಜಕ್ಕನ ತಂಗಿಯ ಮಗಳು, ಕಾನೂನು ಓದುತ್ತಿದ್ದಾಳೆ. "ದೊಡ್ಡಮ್ಮ, ನೀವು ಹಾಗೆಲ್ಲ ಮಾಡುವಂತಿಲ್ಲ" ಅನ್ನುವವಳು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಆನ್‌ಲೈನಿನಲ್ಲಿ ಹಾಕಬೇಕು. ಪಹಣಿಯೂ ಆನ್‌ಲೈನಿನಲ್ಲಿ ಸಿಗುತ್ತದೆ. ಇವಳ ಬಾಗಿಲು ಕಾಗದಪತ್ರ.

ಮೊದಲ ಪುಸ್ತಕಕ್ಕೆ ಮೂರು ಜನ ಸಾಕು. ನಾಲ್ಕನೆಯವರು ಬೇಕು ಅನಿಸಿದರೆ ಎರಡನೇ ಪುಸ್ತಕದಲ್ಲಿ ಕರೆತನ್ನಿ.

ಇಲ್ಲಿ ಒಂದು ಮಾತು ಮನಸ್ಸಿನಿಂದ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಹೆಸರು ಕೇಳಿದ ಕೂಡಲೇ ಜಾತಿ, ಧರ್ಮ ಲೆಕ್ಕ ಹಾಕುವ ಜನ ಇದ್ದಾರೆ. ನಿಮ್ಮ ಕಥೆ ಅವರಿಗೆ ಕಟ್ಟಿಗೆ ಒದಗಿಸಬಾರದು. ಹಮೀದ್ ಇರುವುದು ಸೌಹಾರ್ದದ ಫೋಟೋಕ್ಕಾಗಿಯೂ ಅಲ್ಲ. ಅವನಿಗೆ ಕೋಪ ಬರಲಿ, ತಪ್ಪು ಮಾಡಲಿ, ಒಂದು ಅಧ್ಯಾಯದಲ್ಲಿ ವಾರಿಜಕ್ಕನ ಜೊತೆ ಮಾತು ಬಿಡಲಿ. ಪೂರ್ತಿ ಮನುಷ್ಯನಾಗಿ ಬರೆದರೆ ಬೇರೆ ಏನನ್ನೂ ಸಾರಬೇಕಾಗಿಲ್ಲ.

ನಾಲ್ಕನೇ ಹೆಜ್ಜೆ: ಸುಳಿವನ್ನು ಎದುರಿಗೇ ಇಡಿ

ಈಗ ಕೇಸು. ಬಡಗುಪೇಟೆಯ ಒಂದು ಸಣ್ಣ ಟೈಲರ್ ಅಂಗಡಿ. ಹನ್ನೊಂದು ವರ್ಷದಿಂದ ದಿನಕ್ಕೆ 50 ರೂಪಾಯಿ ಕಟ್ಟಿಕೊಂಡು ಬಂದವರು. ಮೊದಲ ಅಧ್ಯಾಯದ ದೃಶ್ಯ ಹೀಗಿರಲಿ:

ವಾರಿಜಕ್ಕ ಮೆಟ್ಟಿಲು ಹತ್ತುವಾಗ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಟೈಲರ್ ತಲೆ ಎತ್ತಲಿಲ್ಲ. ಕೊರಳಲ್ಲಿ ಟೇಪು, ಕಾಲು ಪೆಡಲಿನ ಮೇಲೆ. ಕೆಳಗೆ ನೆಲದ ತುಂಬಾ ನೂಲಿನ ತುಂಡು. "ಎಂತ ಅಣ್ಣ, ಗುಡಿಸಲಿಕ್ಕೆ ಪುರುಸೊತ್ತಿಲ್ವಾ?" ಅಂದರು. ಟೈಲರ್ ಮಾತಾಡದೆ ಡ್ರಾಯರಿನಿಂದ 500ರ ಹೊಸ ನೋಟು ತೆಗೆದು ಕೊಟ್ಟರು. "ಪೂರ್ತಿ ಜಮಾ ಮಾಡಿ. ಇವತ್ತೇ." ವಾರಿಜಕ್ಕ ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಮೆಷಿನ್ ಮತ್ತೆ ಓಡಿತು. ಸೂಜಿ ಮೇಲೆ ಕೆಳಗೆ ಹೋಗುತ್ತಿತ್ತು, ಅದರಲ್ಲಿ ನೂಲಿರಲಿಲ್ಲ.

ಎರಡು ದಿನ ಬಿಟ್ಟು ಟೈಲರಿನ ಹೆಣ ಹಿತ್ತಿಲಿನ ಬಾವಿಯಲ್ಲಿ ಸಿಗುತ್ತದೆ.

ಓದುಗರ ಗಮನವೆಲ್ಲ 500ರ ನೋಟಿನ ಮೇಲೆ ಹೋಗುತ್ತದೆ. ಹೋಗಲಿ ಅಂತಲೇ ಅದನ್ನು ಅಲ್ಲಿಟ್ಟದ್ದು. ನಿಜವಾದ ಸುಳಿವು ನೆಲದ ಮೇಲಿದೆ: ನೂಲಿನ ತುಂಡು ಇದೆ, ಬಟ್ಟೆಯ ಚೂರು ಒಂದೂ ಇಲ್ಲ. ಹೊಲಿಯುವವರ ಅಂಗಡಿಯಲ್ಲಿ ಬಟ್ಟೆ ಚೂರು ಇರಲೇಬೇಕು. ಇಲ್ಲ ಅಂದರೆ ಈ ಮನುಷ್ಯ ಈಗ ಹೊಲಿಯುತ್ತಿಲ್ಲ, ಹೊಲಿಗೆ ಬಿಚ್ಚುತ್ತಿದ್ದಾನೆ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಪೇಸ್ಟ್ ಮಾಡಿದ ಚಿನ್ನವನ್ನು ಬಟ್ಟೆಯ ಪದರದೊಳಗೆ ಇಟ್ಟು ತಂದವರು ಸಿಕ್ಕಿಬಿದ್ದ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಸಿಕ್ಕಿಬೀಳದವರ ಬಟ್ಟೆ ಬಿಚ್ಚಲು ಯಾರಾದರೂ ಬೇಕಲ್ವಾ?

ಈ ವಿಧಾನ ಎಲ್ಲ ಸುಳಿವಿಗೂ ಆಗುತ್ತದೆ. ಸಣ್ಣ ಸುಳಿವಿನ ಪಕ್ಕದಲ್ಲಿ ಅದಕ್ಕಿಂತ ಜೋರಾಗಿ ಕೂಗುವ ಒಂದು ವಸ್ತು ಇಡಿ. ಎರಡನ್ನೂ ಓದುಗರು ನೋಡಿರಬೇಕು. ಕೊನೆಗೆ "ಅಯ್ಯೋ, ಇದು ನನ್ನ ಕಣ್ಣೆದುರೇ ಇತ್ತು!" ಅನ್ನಬೇಕು. ವಾರಿಜಕ್ಕ ನೋಡಿದ್ದನ್ನು ಓದುಗರಿಗೆ ತೋರಿಸದೆ ಕೊನೆಯ ಪುಟದಲ್ಲಿ ತೆಗೆದರೆ ಅದು ಮೋಸ. ಮತ್ತೆ ಅವರು ನಿಮ್ಮ ಪುಸ್ತಕ ಕೊಳ್ಳುವುದಿಲ್ಲ.

ಒಗಟು ಬಿಡಿಸುವಾಗ ಎಲ್ಲರಿಗೂ ಪಾಲು ಕೊಡಿ. ಟೈಲರ್ ಬಾವಿಯ ಕಟ್ಟೆಯ ಮೇಲೆ ಬಿಟ್ಟುಹೋದ ಅರ್ಧ ಕಟ್ಟು ಬೀಡಿ ಯಾರ ಕೈಯದ್ದು ಅಂತ ಹೇಳುವುದು ಅಪ್ಪಿಯಕ್ಕ. ಅದು ಆ ಪೇಟೆಯಲ್ಲಿ ಸಿಗುವ ಬೀಡಿಯಲ್ಲ, ಬೇರೆ ಊರಿನಿಂದ ಬಂದವನು ಕೊಟ್ಟದ್ದು. ಆ ರಾತ್ರಿ ಅಂಥವನನ್ನು ಕೂರಿಸಿಕೊಂಡು ಬಂದದ್ದು ಹಮೀದ್, ಆಗ ಅವನಿಗೆ ಅದು ಬರೀ ಒಂದು ಬಾಡಿಗೆ. ತನ್ನ ರಿಕ್ಷಾದಲ್ಲೇ ಕೊಲೆಗಾರ ಬಂದಿದ್ದ ಅಂತ ತಿಳಿದ ದಿನ ಅವನು ಊಟ ಮಾಡುವುದಿಲ್ಲ. ಅಲ್ಲಿ ಒಂದು ಅಧ್ಯಾಯ ನಿಲ್ಲಿ, ಓಡಬೇಡಿ.

ಐದನೇ ಹೆಜ್ಜೆ: ಊರಿನ ಕ್ಯಾಲೆಂಡರ್ ಗೋಡೆಗೆ ಹಾಕಿ

ಸರಣಿಗೆ ನಮ್ಮ ಊರು ಕೊಡುವ ದೊಡ್ಡ ವರ ಇದು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಪರ್ಯಾಯ. ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕೃಷ್ಣನ ಪೂಜೆಯ ಅಧಿಕಾರ ಹೋಗುವ ರಾತ್ರಿ ಪೇಟೆ ಮಲಗುವುದೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಕೈಯಲ್ಲಿ ಕೆಲಸ ಇಲ್ಲದ, ಸಾಲ ಏರುವ ತಿಂಗಳುಗಳು. ಬೇಸಿಗೆಯಲ್ಲಿ ನದಿ ಬದಿಯ ಬಾವಿಗಳಿಗೆ ಉಪ್ಪು ನೀರು ನುಗ್ಗುತ್ತದೆ. ಮುಳುಗಿ ಸತ್ತವರ ದೇಹದಲ್ಲಿ ಸಿಗುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಸಿಹಿನೀರಿನದ್ದೋ ಉಪ್ಪುನೀರಿನದ್ದೋ ಅಂತ ಪ್ರಯೋಗಾಲಯದಲ್ಲಿ ನೋಡುತ್ತಾರೆ. ಮಂಗಳೂರಿನಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಹೊಳೆಯಲ್ಲಿ ಮುಳುಗಿಸಿ ಬಾವಿಗೆ ಹಾಕಿದ್ದಾ ಅನ್ನುವ ಪ್ರಶ್ನೆಗೆ ಒಂದು ಇಡೀ ಪುಸ್ತಕ ಬರೆಯಬಹುದು.

ಅಲಿಬಿಗೆ, ಅಂದರೆ ಕೊಲೆಯ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ ಅನ್ನುವ ಮಾತಿಗೆ, ಯಕ್ಷಗಾನಕ್ಕಿಂತ ಒಳ್ಳೆಯದು ಇಲ್ಲ. "ಇಡೀ ರಾತ್ರಿ ಆಟ ನೋಡ್ತಾ ಇದ್ದೆ" ಅಂತ ಒಬ್ಬ ಹೇಳುತ್ತಾನೆ. ಈಗ ತುಂಬಾ ಕಡೆ ಆಟ ಕಾಲಮಿತಿಯದ್ದು, ಮಧ್ಯರಾತ್ರಿಯ ಹೊತ್ತಿಗೆ ಮಂಗಳ. ಮುಂಬೈಯಲ್ಲೋ ಕೊಲ್ಲಿಯಲ್ಲೋ ಇದ್ದು ಊರಿಗೆ ಬಂದವನಿಗೆ ಅದು ಗೊತ್ತಿರುವುದಿಲ್ಲ, ಬೆಳಗಿನವರೆಗೆ ಅಂತ ಬಾಯಿ ತಪ್ಪಿ ಸಿಕ್ಕಿಬೀಳುತ್ತಾನೆ. ಮೇ ಕೊನೆಯ ವಾರದಲ್ಲಿ ಬರುವ ತುಳುವರ ಪತ್ತನಾಜೆ ದಿನ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟವೇ ಇಲ್ಲ ಅನ್ನುವುದೂ ನೆನಪಿರಲಿ.

ಆದರೆ ದೈವದ ನುಡಿಯಲ್ಲಿ ಕೊಲೆಗಾರನ ಹೆಸರು ಹೇಳಿಸಬೇಡಿ. ಜನರ ನಂಬಿಕೆಯನ್ನು ಕಥೆಯ ಅನುಕೂಲಕ್ಕೆ ಬಳಸಿದ ಹಾಗಾಗುತ್ತದೆ. ಒಗಟು ಬಿಡಿಸಲು ಕೂತ ಓದುಗರಿಗೂ ಅನ್ಯಾಯ. ನಾಕ್ಸ್ ಪಟ್ಟಿಯಲ್ಲೂ ಅಲೌಕಿಕಕ್ಕೆ ಜಾಗ ಇಲ್ಲ. ಬೇಕಾದರೆ ಹೀಗೆ ಮಾಡಿ: ಪ್ರತಿ ವರ್ಷ ದೈವದ ನೇಮದಲ್ಲಿ ಮುಂದೆ ಬಂದು ಕೈಮುಗಿದು ನಿಲ್ಲುವವನು ಈ ವರ್ಷ ಜ್ವರ ಅಂತ ಹೇಳಿ ಬರಲಿಲ್ಲ. ಅವನ ಹೆದರಿಕೆ ಮನುಷ್ಯನದ್ದು. ಅದನ್ನು ವಾರಿಜಕ್ಕ ನೋಡಬಹುದು.

ಆರನೇ ಹೆಜ್ಜೆ: ಪೊಲೀಸರನ್ನು ಪೆದ್ದರನ್ನಾಗಿಸಬೇಡಿ

ಇದು ಚಿಕ್ಕದು. ಉಡುಪಿಯಲ್ಲಿ ಜಿಲ್ಲಾ ಎಸ್‌ಪಿ, ಮಂಗಳೂರು ನಗರಕ್ಕೆ 2010ರಿಂದ ಕಮಿಷನರ್. ಬಾವಿಯಲ್ಲಿ ಹೆಣ ಸಿಕ್ಕಿದರೆ ಮೊದಲು ಅಸಹಜ ಸಾವಿನ ಪ್ರಕರಣ, ಮಹಜರು, ಶವಪರೀಕ್ಷೆ. ಸಂಶಯ ಗಟ್ಟಿಯಾದ ಮೇಲೆ ಕೊಲೆ ಕೇಸು. 2024ರ ಜುಲೈ 1ರ ನಂತರದ ಕೊಲೆಯಾದರೆ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್. ಅದಕ್ಕೂ ಮೊದಲಿನದ್ದಾದರೆ ಹಳೇ 302. ಪಾತ್ರಗಳ ಬಾಯಲ್ಲಿ "302" ಇನ್ನೂ ಬರಲಿ, ಜನ ಹಾಗೇ ಮಾತಾಡುವುದು. ಪೊಲೀಸರಿಗೆ ಕೆಲಸ ಜಾಸ್ತಿ, ಸಮಯ ಕಮ್ಮಿ. ವಾರಿಜಕ್ಕನಿಗೆ ಒಂದೇ ಬೀದಿ, ಆದರೆ ಇಪ್ಪತ್ತು ವರ್ಷ. ಅವರಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ ಇರಲಿ.

ಏಳನೇ ಹೆಜ್ಜೆ: ಸರಣಿಗೊಂದು ಡೈರಿ

ವಾರಿಜಕ್ಕನ ಹಾಗೆ ನೀವೂ ಒಂದು ಡೈರಿ ಇಡಿ. ಯಾರ ವಯಸ್ಸೆಷ್ಟು, ಯಾವ ಕೈಗೆ ವಾಚು, ಯಾವ ಅಂಗಡಿಯ ಪಕ್ಕ ಯಾವ ಅಂಗಡಿ, ಹಮೀದನ ಕಂತು ಎಷ್ಟು ಬಾಕಿ. ಮೂರನೇ ಪುಸ್ತಕದಲ್ಲಿ ಆ ಕಂತು ತೀರಲಿ. ಅಂಥ ಸಣ್ಣ ಸಂತೋಷಕ್ಕೇ ಓದುಗರು ಕಾಯುವುದು. ಪ್ರತಿ ಪುಸ್ತಕಕ್ಕೂ ಕೊಲೆ ಬೇಡ. ಒಂದೇ ಪೇಟೆಯಲ್ಲಿ ಅಷ್ಟು ಕೊಲೆ ನಡೆದರೆ ಯಾರೂ ನಂಬುವುದಿಲ್ಲ. ಅಡವಿಟ್ಟ ಚಿನ್ನ ನಕಲಿ ಆದದ್ದು, ಕುಟುಂಬದ ಆಸ್ತಿಗೆ ಬಿದ್ದ ಸುಳ್ಳು ಸಹಿ, ಮನೆ ಬಿಟ್ಟು ಹೋದ ಮುದುಕ. ಪಿಗ್ಮಿ ಕಲೆಕ್ಟರಿಗೆ ಇಂಥದ್ದೇ ಜಾಸ್ತಿ ಕಣ್ಣಿಗೆ ಬೀಳುವುದು.

ಎಂಟನೇ ಹೆಜ್ಜೆ: ಕಸುಬಿನವರಿಗೆ ಓದಿ ಹೇಳಿ

ಬರೆದದ್ದನ್ನು ಸ್ನೇಹಿತರಿಗೆ ಕೊಡುವ ಮೊದಲು ಆ ಕೆಲಸ ಮಾಡುವವರಿಗೆ ಓದಿ ಹೇಳಿ. ಬೀಡಿಯ ಭಾಗವನ್ನು ಬೀಡಿ ಕಟ್ಟುವವರಿಗೆ, ರಿಕ್ಷಾದ ಭಾಗವನ್ನು ಸ್ಟ್ಯಾಂಡಿನಲ್ಲಿ. ಗಟ್ಟಿಯಾಗಿ ಓದಬೇಕು. ಅವರ ಮುಖ ಎಲ್ಲಿ ಬದಲಾಯಿತು ಅಂತ ನೋಡಬೇಕು.

ಟೈಲರ್ ಅಂಗಡಿಯ ಆ ದೃಶ್ಯವನ್ನು ನಾನು ನನ್ನ ಅಂಗಿ ಹೊಲಿಯುವವರಿಗೆ ಓದಿ ಹೇಳಿದೆ. ಅವರು ಕಾಜಾ ಹೊಲಿಯುತ್ತಾ ಕೇಳಿಸಿಕೊಂಡರು. ಸೂಜಿಯಲ್ಲಿ ನೂಲಿಲ್ಲ ಅನ್ನುವಲ್ಲಿ ಕೈ ನಿಂತಿತು. ಪೂರ್ತಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಲ್ಲ ಸರಿ ಉಂಟು ಮಾರಾಯ್ರೆ. ಹೊಲಿಗೆ ಬಿಚ್ಚಲಿಕ್ಕೆ ಬ್ಲೇಡ್ ಬೇಕಲ್ವಾ? ನಿಮ್ಮ ಕಥೆಯಲ್ಲಿ ಬ್ಲೇಡ್ ಎಲ್ಲಿ?" ಅವರ ಮೆಷಿನ್ನಿನ ಹಲಗೆಯ ಮೇಲೆ, ಬಲಗೈ ಹತ್ತಿರ, ಒಂದು ತುದಿಗೆ ಬಟ್ಟೆ ಸುತ್ತಿದ ಅರ್ಧ ಬ್ಲೇಡ್ ಇತ್ತು. ಅದನ್ನೇ ಮನೆಗೆ ಬಂದು ಮೊದಲ ಅಧ್ಯಾಯದಲ್ಲಿ, 500ರ ನೋಟಿನ ಪಕ್ಕದಲ್ಲಿ ಇಟ್ಟೆ.